ಸ್ವಲ್ಪ ಹೊತ್ತು ಎಂದರೆ ಎಷ್ಟು

"ಅಮ್ಮಾ, ಮಾಸ್ತರಜ್ಜ ತಮ್ಮ ಗೋಡಿ ಮ್ಯಾಲ ಯಾಕ ಗೀಟು ಹಾಕ್ಯಾರ? ಅವರ ಖೋಲಿಯೊಳಗ ಯಾರರ ಬೆಳ್ಯಾಕತ್ತಾರೇನು?"

ಅಕ್ಷರಾ ಹೀಗೆ ಕೇಳಿದ್ದು ಶ್ರಾವಣದ ಒಂದು ಸಂಜೆ. ಚೀಲವನ್ನು ಮೂಲೆಗೆಸೆದು, ಕಾಲೂ ತೊಳೆಯದೆ, ಒಲೆಯ ಪಕ್ಕದಲ್ಲಿ ಬಂದು ಕುಳಿತಿದ್ದಳು. ರೊಟ್ಟಿ ಬಡಿಯುತ್ತಿದ್ದ ಭವಾನಿಯ ಕೈ ಅಲ್ಲೇ ನಿಂತಿತು. ಹುಡುಗಿ ಚಿಕ್ಕವಳಿದ್ದಾಗ ಪ್ರತಿ ಹುಟ್ಟುಹಬ್ಬಕ್ಕೂ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದವಳು ಅವಳೇ. ಗೋಡೆಯ ಮೇಲೆ ಗೀಟು ಕಂಡರೆ ಆ ಮಗು ಮತ್ತೇನು ತಿಳಿದುಕೊಂಡೀತು?

"ಯಾವ ಗೋಡಿ?"

"ಮಂಚದ ಹಿಂದಿಂದು. ನೆಲದಿಂದ ಸುರುವಾಗಿ ಮ್ಯಾಲತನಕ. ಬಾಜೂಕ ನಂಬರ್ ಬ್ಯಾರೆ. ನಾ ಕೇಳಿದ್ರ, 'ಬಾಯಿ ಮುಚ್ಚಿ ಘಾತಾಂಕ ಮಾಡು' ಅಂದ್ರು."

"ಮತ್ತ ಮಾಡಬೇಕಿಲ್ಲ?"

"ಮಾಡಿದೆ. ಎಲ್ಲಾ ಸಹೀ. ಆದ್ರ ಅಮ್ಮಾ, ದರದ ಪಾಠ ಬಂದ್ರ ಮಾತ್ರ ಅವರು ಪುಸ್ತಕ ಮುಚ್ಚಿ ನೀರು ಕುಡ್ಯಾಕ ಹೋಗ್ತಾರ. ನಳ, ಟಾಕಿ, ಗಂಟೆಗೆ ಇಷ್ಟು ಲೀಟರ್ ಅಂತ ಬರತಾವಲ್ಲ, ಅವೆಲ್ಲಾ ಬಿಟ್ಟುಬಿಡು ಅಂತಾರ. ಪರೀಕ್ಷಾದಾಗ ಅವೇ ಬರತಾವ!"

ಭವಾನಿ ತನಗೆ ಗೊತ್ತಿದ್ದುದರಲ್ಲಿ ಮಗಳಿಗೆ ಎಷ್ಟು ಹೇಳಬೇಕೆಂದು ತೋಚದೆ, ರೊಟ್ಟಿಯನ್ನು ತೆಳ್ಳಗಾಗುವುದಕ್ಕಿಂತ ತುಸು ಹೆಚ್ಚೇ ಬಡಿದಳು.

ಮಾಸ್ತರಜ್ಜ ಎಂದರೆ ಅನ್ನದಾನಯ್ಯ. ಗಜೇಂದ್ರಗಡದ ಕಡೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿ ನಿವೃತ್ತರಾದವರು. ಮಕ್ಕಳಿರಲಿಲ್ಲ. ಹೆಂಡತಿ ಬಸಲಿಂಗಮ್ಮನವರಿಗೆ ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂಬ ಆಸೆ. ಅವರ ಬೆನ್ನಿಗೆ ಇವರೂ ಬಂದು, ಹನುಮಾನ್ ಘಾಟ್‌ನ ಗಲ್ಲಿಯಲ್ಲಿ ಮಠದವರ ಯಾತ್ರಿನಿವಾಸದ ಕೆಳಗಿನ ಕೋಣೆ ಹಿಡಿದರು. ಕೋಣೆ ಗಲ್ಲಿಗಿಂತ ಎರಡು ಮೆಟ್ಟಿಲು ಕೆಳಗೆ. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಹಸಿ ಗೋಡೆಯ ವಾಸನೆ.

ಗಲ್ಲಿಯ ಕನ್ನಡದ ಮನೆಗಳ ಮಕ್ಕಳಿಗೆಲ್ಲ ಅವರೇ ಮಾಸ್ತರರು. ಶಾಲೆಯಲ್ಲಿ ಹಿಂದಿಯಲ್ಲಿ ಕಲಿತು ಬಂದ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಫೀಸು ಎಂದರೆ ವಾರಕ್ಕೆರಡು ಸಲ ಭವಾನಿಯ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗಂಗಾಜಲದ ತಾಮ್ರದ ಡಬ್ಬಿಗಳನ್ನು ಸಾಲಾಗಿಟ್ಟು ಘನಫಲ ಹೇಳುತ್ತಿದ್ದರು: "ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾದ್ರ ಹೊಟ್ಟಿ ಎಂಟು ಪಟ್ಟು ಆಗತೈತಿ. ಅಂಗಡಿಯವಗ ಇದು ಗೊತ್ತಿಲ್ಲ, ನಿನಗ ಗೊತ್ತಿರಲಿ." ಘಾತಾಂಕಕ್ಕೆ ಗಲ್ಲಿಯ ಚಾಡಿಮಾತೇ ಉದಾಹರಣೆ. ಒಬ್ಬಳು ಇಬ್ಬರಿಗೆ ಹೇಳಿದಳು, ಆ ಇಬ್ಬರು ನಾಲ್ವರಿಗೆ, ನಾಲ್ವರು ಎಂಟು ಮಂದಿಗೆ. ಹತ್ತನೆಯ ಸುತ್ತಿಗೆ ಸಾವಿರದ ಇಪ್ಪತ್ತನಾಲ್ಕು. "ಇಷ್ಟು ಮಂದಿ ಈ ಗಲ್ಲಿಯೊಳಗ ಎಲ್ಲಿದ್ದಾರಬೇ? ಅದಕ್ಕ ಸುದ್ದಿ ತಿರುಗಿ ಹೇಳಿದಾಕಿ ಕಿವಿಗೇ ಬರತೈತಿ." ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವರು ನಗುತ್ತಿರುವಾಗಲೇ ಮಾಸ್ತರರ ಕಣ್ಣು ಮಂಚದ ಒಂದು ತುದಿಗೆ ಹೋಗಿ ನಿಲ್ಲುತ್ತಿತ್ತು. ಆ ತುದಿಯಲ್ಲಿ ಅವರು ತಾವೂ ಕೂರುತ್ತಿರಲಿಲ್ಲ, ಮಕ್ಕಳನ್ನೂ ಕೂರಗೊಡುತ್ತಿರಲಿಲ್ಲ.

ಭವಾನಿ ಗಂಡ ಕಾಂತೇಶನ ಮಠದ ಕೆಲಸದ ನಿಮಿತ್ತ ಕಾಶಿಗೆ ಬಂದು, ಅದೇ ನಿವಾಸದ ಮೇಲಂತಸ್ತಿನಲ್ಲಿ ಸಂಸಾರ ಹೂಡುವ ಹೊತ್ತಿಗೆ ಬಸಲಿಂಗಮ್ಮ ಹೋಗಿ ಒಂದು ವರ್ಷವಾಗಿತ್ತು. ಪ್ರವಾಹದಲ್ಲಿ ಹೋದರು ಎಂದಷ್ಟೇ ಅವಳು ಕೇಳಿದ್ದಳು. ನಿವಾಸ ನೋಡಿಕೊಳ್ಳುವ ಹಾಲಯ್ಯ ಆ ಮಾತು ಬಂದರೆ ಹೆಗಲ ಮೇಲಿನ ಗಮ್ಛಾದಿಂದ ಮುಖ ಒರೆಸಿಕೊಂಡು ಎದ್ದು ಹೋಗುತ್ತಿದ್ದ. ಆಮೇಲೆ ಮೂರು ಮಳೆಗಾಲ ಗಂಗೆ ಏರಿದಳು, ಇಳಿದಳು, ಗಲ್ಲಿಯತನಕ ಬರಲಿಲ್ಲ. ಮಾಸ್ತರರನ್ನು ಮೇಲಿನ ಕೋಣೆಗೆ ಬನ್ನಿರೆಂದು ಮಠದವರು ಎಷ್ಟು ಹೇಳಿದರೂ ಅವರು ಜಪ್ಪಯ್ಯ ಎನ್ನಲಿಲ್ಲ.

ಮರುದಿನ ಮಧ್ಯಾಹ್ನ ರೊಟ್ಟಿಯ ಡಬ್ಬಿ ಹಿಡಿದು ಭವಾನಿ ಕೆಳಗಿಳಿದಳು. ಗೀಟುಗಳನ್ನು ಕಣ್ಣಾರೆ ನೋಡಿದಳು. ಮೂರು ಮೂರು ಇಂಚಿಗೊಂದರಂತೆ, ಕಪ್ಪು ಬಣ್ಣದಲ್ಲಿ, ಪಟ್ಟಿ ಹಿಡಿದು ಎಳೆದದ್ದು. ಆರನೆಯ ಗೀಟಿಗೆ ಮಾತ್ರ ಕೆಂಪು. ಸುಣ್ಣ ಬಳಿದರೂ ಹೋಗದ ಹಳೆಯ ನೀರಿನ ಕಲೆ ಅದಕ್ಕಿಂತ ಸ್ವಲ್ಪ ಮೇಲಿತ್ತು.

"ಅಜ್ಜಾರ, ಹುಡುಗಿ ಕೇಳಾಕತ್ತಾಳ. ನಾ ಏನು ಹೇಳ್ಲಿ?"

ಅನ್ನದಾನಯ್ಯ ಡಬ್ಬಿ ತೆರೆದು, ರೊಟ್ಟಿ ಮುರಿದು, ತಿನ್ನದೆ ಹಾಗೆಯೇ ಇಟ್ಟರು.

"ಕೂಡು ತಂಗಿ. ನಿನಗೊಂದು ಲೆಕ್ಕ ಹೇಳ್ತೀನಿ. ಇದು ಅಕಿ ಪುಸ್ತಕದಾಗಿಲ್ಲ."

ಅವರು ಹೇಳಿದ್ದನ್ನು ಭವಾನಿ ಡಬ್ಬಿಯ ಪಕ್ಕದಲ್ಲಿ ಕುಳಿತು ಕೇಳಿದಳು. ಬಸಲಿಂಗಮ್ಮ ಹೋದ ವರ್ಷ ಗಂಗೆ ಗಂಟೆಗೆ ನಾಲ್ಕು ಸೆಂಟಿಮೀಟರ್ ಏರುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಮಾಸ್ತರರು ಘಾಟಿಗೆ ಹೋಗಿ, ನೀರಿನಿಂದ ಗಲ್ಲಿಯ ಬಾಯಿಯತನಕ ಉಳಿದ ಐದು ಮೆಟ್ಟಿಲುಗಳ ಎತ್ತರ ಅಳೆದರು. ಎಂಬತ್ತೆಂಟು ಸೆಂಟಿಮೀಟರ್. ನಾಲ್ಕರಿಂದ ಭಾಗಿಸಿದರೆ ಇಪ್ಪತ್ತೆರಡು ಗಂಟೆ. "ನಾಳೆ ಮುಂಜಾನೆ ಎಂಟರತನಕ ಚಿಂತಿ ಇಲ್ಲ. ಸಾಮಾನು ನಿಧಾನಕ್ಕ ಕಟ್ಟೋಣು" ಎಂದು ಹೆಂಡತಿಗೆ ಹೇಳಿ, ಮೇಣದಬತ್ತಿ ಅವಲಕ್ಕಿ ತರಲು ಗೋದೌಲಿಯಾ ಪೇಟೆಗೆ ಹೋದರು. ಆದರೆ ನೀರು ಮೆಟ್ಟಿಲು ಹತ್ತಿ ಬರುವ ತನಕ ಕಾಯಲಿಲ್ಲ. ನೆಲದಡಿಯ ಗಟಾರದೊಳಗೆ ಹಿಂದಕ್ಕೆ ನುಗ್ಗಿ, ಗಲ್ಲಿ ಒಣಗಿದ್ದಾಗಲೇ ಹಿತ್ತಲಿನ ಮೋರಿಯಿಂದ ಮೇಲೆದ್ದು, ಎರಡು ಮೆಟ್ಟಿಲು ಕೆಳಗಿದ್ದ ಈ ಕೋಣೆಗೆ ಹೊಕ್ಕಿತು.

"ಕಾಶ್ಯಾಗ ಹುಟ್ಟಿದ ಕೂಸಿಗೂ ಗೊತ್ತೈತಿ, ಇಲ್ಲಿ ನೀರು ಮೊದಲು ಬೆನ್ನ ಹಿಂದಿಂದ ಬರತೈತಿ ಅಂತ. ನಾ ನದೀನ ಅಳೆದೆ, ಅದರ ಮಾರಿ ನೋಡಿ ಅಳೆದೆ. ನನ್ನ ಮನಿ ನೆಲಾ ಎಷ್ಟು ತಗ್ಗಿನಾಗೈತಿ ಅಂತ ಸೈತ ನೋಡಲಿಲ್ಲ."

ಹೊಸ್ತಿಲಿಗೆ ನೀರು ಬಂದಾಗ ಹಾಲಯ್ಯ ಮೇಲಿನಿಂದ ಕೂಗಿದ್ದ: "ಅಮ್ಮಾರ, ಎದ್ದು ಬರ್ರಿ!" ಬಸಲಿಂಗಮ್ಮ ಒಳಗಿನಿಂದಲೇ ನಕ್ಕು ಹೇಳಿದರಂತೆ: "ನೀ ಹೋಗಪ್ಪ, ಆ ಮುದುಕ್ಯಾರನ್ನ ಎತ್ತು. ನಮ್ಮ ಮಾಸ್ತರರ ಲೆಕ್ಕ ಆಗೈತಿ. ನಾಳೆ ಮುಂಜಾನಿತನಕ ಟೈಮ್ ಐತಿ. ಇದು ಯಾವುದೋ ಮೋರಿ ಕಟ್ಟಿದ ನೀರು." ಹಾಲಯ್ಯ ಪಕ್ಕದ ನಿವಾಸದ ಅಜ್ಜಿಯರನ್ನು ಹೊತ್ತು ಸಾಗಿಸಲು ಹೋದ. ಮಧ್ಯಾಹ್ನ ಎರಡು ಗಂಟೆಗೆ ಮಾಸ್ತರರು ಬಂದಾಗ ಬಸಲಿಂಗಮ್ಮ ಮಂಚದ ತುದಿಯಲ್ಲಿ ನೀರಿನಲ್ಲೇ ಕುಳಿತಿದ್ದರು. ಕೊರಳ ಲಿಂಗವನ್ನು ಎಡಗೈಯಲ್ಲಿ, ಗಂಡನ ಲೆಕ್ಕದ ಪುಸ್ತಕಗಳ ಗಂಟನ್ನು ಬಲಗೈಯಲ್ಲಿ ಎತ್ತಿ ಹಿಡಿದಿದ್ದರು. ತುಟಿ ನೀಲಿಗಟ್ಟಿತ್ತು. ಜ್ವರ ಎದೆಗೆ ಇಳಿದು ಹನ್ನೆರಡನೆಯ ದಿನ ಲಿಂಗೈಕ್ಯರಾದರು.

"ದವಾಖಾನ್ಯಾಗ ನನ್ನ ಚ್ಯಾಷ್ಟಿ ಮಾಡಿದ್ಲು ತಂಗಿ. 'ನಿಮ್ಮ ಲೆಕ್ಕ ಬರೋಬ್ಬರಿ ಇತ್ತು ಬಿಡ್ರಿ, ಗಂಗಮ್ಮನೇ ದಾರಿ ತಪ್ಪಿ ಬಂದ್ಲು' ಅಂದ್ಲು. ನಾ ಕೇಳಿದೆ, ನೀರಾಗ ಎಷ್ಟು ಹೊತ್ತು ಕುಂತಿದ್ದಿ? 'ಸ್ವಲ್ಪ ಹೊತ್ತು' ಅಂದ್ಲು." ಅವರು ಮಂಚದ ತುದಿಯನ್ನು ನೋಡಿದರು. "ಸ್ವಲ್ಪ ಹೊತ್ತು ಅಂದ್ರ ಎಷ್ಟು? ಅದು ಸಂಖ್ಯಾ ಅಲ್ಲ."

ಹಿತ್ತಲಿನ ಮೋರಿಯಲ್ಲಿ ಯಾರೋ ನುಂಗಿದಂತೆ ಗುಳಕ್ ಎಂದಿತು. ಮಾಸ್ತರರು ಮಾತು ನಿಲ್ಲಿಸಿ, ಕತ್ತು ವಾಲಿಸಿ, ಆ ಸದ್ದು ಪೂರ್ತಿ ಅಡಗುವ ತನಕ ಕಾದರು.

"ಖೋಲಿ ಹತ್ತಡಿ ಉದ್ದ, ಎಂಟಡಿ ಅಗಲ. ಮಂಚದ ಎತ್ತರ ಒಂದೂವರಿ ಅಡಿ. ನೂರಿಪ್ಪತ್ತು ಘನ ಅಡಿ. ಅಂದಾಜು ಮೂರು ಸಾವಿರದ ಮುನ್ನೂರ ಅರವತ್ತು ಲೀಟರ್. ಭಾಜ್ಯ ಐತಿ, ಭಾಜಕ ಇಲ್ಲ. ನಿಮಿಷಕ್ಕ ಎಷ್ಟು ಲೀಟರ್ ಬಂತು? ಎಂಬತ್ತು ಬಂದಿದ್ರ ನಲವತ್ತೆರಡು ನಿಮಿಷ. ನನ್ನ ಬೈಕೋತ ಕುಂಡ್ರೂದ್ರಾಗ ಮುಗದು ಹೋತು, ಏಳಾಕೂ ಪುರಸೊತ್ತು ಸಿಗಲಿಲ್ಲ ಅನ್ನಬೌದು. ಇಪ್ಪತ್ತರಂಗ ಬಂದಿದ್ರ ಎರಡು ತಾಸು ನಲವತ್ತೆಂಟು ನಿಮಿಷ. ಅಷ್ಟೊತ್ತು ಅಕಿ ಬಾಗಲಾ ನೋಡಿದ್ಲು, ನೀರು ನೋಡಿದ್ಲು. ಏಳಬೇಕು ಅಂತ ಎಷ್ಟು ಸಲ ಅನಸಿತ್ತೋ. ಪ್ರತಿ ಸಲಾ 'ಇಲ್ಲ, ಅವರು ನಾಳೆ ಅಂದಾರ' ಅಂತ ಮತ್ತ ಕುಂತ್ಲು."

"ಬಿಡ್ರಿ ಅಜ್ಜಾರ..."

"ಬಿಡಾಕ ಆಗವಲ್ದು. ಈ ಸಲಾ ನೀರು ಬಂದ್ರ ನಾ ಇಲ್ಲೇ ಕುಂಡ್ರತೀನಿ, ಗಡಿಯಾರ ಹಿಡಕೊಂಡು. ಹೊಸ್ತಿಲ ದಾಟಿದಾಗಿಂದ ಕೆಂಪು ಗೀಟಿನತನಕ. ಅದೇ ಮೋರಿ, ಅದೇ ಖೋಲಿ. ಉತ್ತರ ಸಿಗತೈತಿ."

ಭವಾನಿಯ ಮೃದುತನ ಅಲ್ಲಿಗೆ ಮುಗಿಯಿತು. ಕಿಟಕಿಯ ಮೇಲಿದ್ದ ದಮ್ಮಿನ ಗುಳಿಗೆಯ ಪೊಟ್ಟಣ ಎತ್ತಿ ಎಣಿಸಿದಳು. "ಇದರಾಗ ಉಳಿದದ್ದು ನಾಕು. ರಾತ್ರಿಯೆಲ್ಲಾ ನೀವು ಎದಿ ಹಿಡಕೊಂಡು ಕೆಮ್ಮೂದು ನನಗ ಮ್ಯಾಲತನಕ ಕೇಳತೈತಿ. ಗಟಾರದ ನೀರಾಗ ನೀವು ಒಂದು ತಾಸು ಕುಂತ್ರ ಲೆಕ್ಕ ಅಲ್ಲ, ನೀವು ಮುಗೀತೀರಿ. ಆ ಉತ್ತರ ಯಾರಿಗೆ ಹೇಳ್ತೀರಿ?"

"ಅಕಿಗೆ" ಎಂದರು ಅನ್ನದಾನಯ್ಯ, ಶಾಲೆಯ ಹುಡುಗ ಹೆಸರು ಕೂಗಿದಾಗ ಎದ್ದು ನಿಂತಷ್ಟು ಸಹಜವಾಗಿ.

ಭವಾನಿ ಮೇಲೆ ಬಂದವಳು ಮೊದಲು ಗುಳಿಗೆ ತರಿಸಿದಳು. ಆಮೇಲೆ ಹಾಲಯ್ಯನನ್ನು ಕರೆದು ಮೆಲ್ಲಗೆ ಎಲ್ಲವನ್ನೂ ಹೇಳಿದಳು. "ನೀರು ಬಂದ ದಿನ ಅವರನ್ನ ಹೊತ್ತಾದ್ರೂ ತರಬೇಕು."

"ಹೊರಾಕ ಬಂದ್ರ ಕೋಲು ಬೀಸ್ತಾರ ಭಾಭಿ. ಹೋದ ವರ್ಷ ಗಂಗಿ ಏರಿದಾಗ ಮ್ಯಾಲ ಕರಿಯಾಕ ಹೋಗಿದ್ದೆ, ಬೀಸಿದ್ರು" ಎಂದ ಹಾಲಯ್ಯ. "ನನಗ ಅವರ ಮಾರಿ ನೋಡಾಕ ಆಗೂದಿಲ್ಲ. ಅಮ್ಮಾರು ಹೋಗು ಅಂದ್ರು, ನಾ ಹೋದೆ. ಸಿಟ್ಟು ಮಾಡಿ ಕೈ ಹಿಡದು ಎಳದಿದ್ರ..." ಗಮ್ಛಾ ಮುಖಕ್ಕೆ ಹೋಯಿತು.

ಐದು ದಿನ ಮೇಲೆಲ್ಲೋ ಮಳೆ ಸುರಿಯಿತು. ಕೇದಾರ ಘಾಟ್‌ನ ಕೆಳಗಿನ ಮೆಟ್ಟಿಲುಗಳು ಮುಳುಗಿದವು, ದೋಣಿಗಳನ್ನು ಮೇಲೆ ಮೇಲೆ ಕಟ್ಟತೊಡಗಿದರು. ಹಾಲು ಕೊಡುವವನಿಂದ ಹಿಡಿದು ರಿಕ್ಷಾದವನವರೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗಂಟೆಗೆ ಎರಡು, ಗಂಟೆಗೆ ಮೂರು, ಗಂಟೆಗೆ ಮತ್ತೆ ನಾಲ್ಕು. ಕೆಳಗಿನ ಕೋಣೆಯಲ್ಲಿ ಪಾಠ ನಿಂತಿತು. ಮಾಸ್ತರರು ಮೂರು ಹೊತ್ತೂ ಹಿತ್ತಲಿನ ಬಾಗಿಲಲ್ಲಿ ಕುಳಿತು ಮೋರಿಯನ್ನೇ ನೋಡುತ್ತಿದ್ದರು. ಒಮ್ಮೆ ಭವಾನಿ ಹಾದುಹೋಗುವಾಗ ಒಳಗೆ ಅವರು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಇನ್ನೂ ಬಂದಿಲ್ಲ. ಕಾಲು ಮ್ಯಾಲೆ ತಗೊಂಡು ಕೂಡು." ಭವಾನಿ ಇಣುಕಿ ನೋಡಿದಳು. ಮಂಚದ ತುದಿಯ ಹಾಸಿಗೆ, ಯಾರೋ ಈಗಷ್ಟೇ ಎದ್ದು ಹೋದಂತೆ, ಒಂದು ಕಡೆ ತಗ್ಗಿತ್ತು. ಹಳೆಯ ಹತ್ತಿ, ತಗ್ಗು ಬೀಳುವುದೇ, ಎಂದು ತನಗೆ ತಾನೇ ಹೇಳಿಕೊಂಡು ಹತ್ತಿ ಬಂದಳು. ಅಂದು ಒಗ್ಗರಣೆ ಸೀದುಹೋಯಿತು.

ಆರನೆಯ ದಿನ ಬೆಳಿಗ್ಗೆ ಗಲ್ಲಿ ಒಣಗಿಯೇ ಇತ್ತು. ಕಾಂತೇಶ ಮಠಕ್ಕೆ ಊಟದ ವ್ಯವಸ್ಥೆಗೆಂದು ಹೋಗಿದ್ದ. ಭವಾನಿ ಹಾಲಯ್ಯನ ಜೊತೆ ಸೇರಿ ಗ್ಯಾಸ್ ಸಿಲಿಂಡರು, ಅಕ್ಕಿಯ ಚೀಲ, ಕುಡಿಯುವ ನೀರಿನ ಕ್ಯಾನುಗಳನ್ನು ಕೆಳಗಿನ ಉಗ್ರಾಣದಿಂದ ಮಾಳಿಗೆಗೆ ಏರಿಸುತ್ತಿದ್ದಳು. ದೊಡ್ಡವರ ಮಾತಿಗೆ ಬಗ್ಗದವರು ಮಗುವಿನ ಮಾತಿಗೆ ಬಗ್ಗಬಹುದೆಂದು, "ಅಜ್ಜಾರನ್ನ ಚಾ ಕುಡ್ಯಾಕ ಕರಕೊಂಡು ಬಾ, ಕರಕೊಂಡೇ ಬರಬೇಕು ನೋಡು" ಎಂದು ಅಕ್ಷರಾಳನ್ನು ಕಳಿಸಿದಳು. ಒಂದು ಕ್ಯಾನು, ಎರಡು ಕ್ಯಾನು, ಸಿಲಿಂಡರು. ಬೆವರೊರೆಸಿಕೊಂಡು ಗಡಿಯಾರ ನೋಡಿದರೆ ಮಗಳು ಹೋಗಿ ಅರ್ಧ ಗಂಟೆಗೂ ಮೇಲಾಗಿತ್ತು.

ಮೆಟ್ಟಿಲನ್ನು ಎರಡೆರಡಾಗಿ ಇಳಿದಳು. ಕೊನೆಯ ಮೆಟ್ಟಿಲ ಕೆಳಗೆ ಪಾದ ನೀರಿಗೆ ಬಿತ್ತು. ತಣ್ಣನೆಯ, ಕಪ್ಪು, ನಾರುವ ನೀರು.

ಮಂಚದ ಮೇಲೆ ಇಬ್ಬರೂ ಕುಳಿತಿದ್ದರು. ಯಾರಿಗೂ ಕೊಡದ ಆ ತುದಿಯಲ್ಲಿ ಅಕ್ಷರಾ, ಕಾಲು ಮಡಚಿ, ತೊಡೆಯ ಮೇಲೆ ನೋಟ್‌ಬುಕ್ ಹರವಿಕೊಂಡಿದ್ದಳು. ಮಾಸ್ತರರ ಕಣ್ಣು ಅಂಗೈಯ ಗಡಿಯಾರದಿಂದ ಗೋಡೆಗೆ, ಗೋಡೆಯಿಂದ ಗಡಿಯಾರಕ್ಕೆ ಓಡುತ್ತಿತ್ತು. ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬ ಎಚ್ಚರವೇ ಇದ್ದಂತಿರಲಿಲ್ಲ.

"ಅಮ್ಮಾ, ದುಗುನಾ ದುಗುನಾ ಆಗಾಕತ್ತೈತಿ!" ಅಕ್ಷರಾ ಕೂಗಿದಳು. "ಮೊದಲ ಹತ್ತು ನಿಮಿಷಕ್ಕ ಅರ್ಧ ಇಂಚು, ಆಮ್ಯಾಲೆ ಒಂದು, ಆಮ್ಯಾಲೆ ಎರಡು. ಒಂದನೇ ಗೀಟು ದಾಟೇ ಬಿಡ್ತು. ಹಿಂಗ ಹೋದ್ರ ಮುಂದ ನಾಕು, ಆಮ್ಯಾಲೆ ಎಂಟು. ಇದು ಘಾತಾಂಕನ!"

"ಏಳು ಮೊದ್ಲು! ನಿನ್ನ ಕರಕೊಂಡು ಬಾ ಅಂತ ಕಳಿಸಿದ್ದೋ, ಕುಂಡ್ರಾಕ ಕಳಿಸಿದ್ದೋ?"

"ಅವರು ಬರೂದಿಲ್ಲ ಅಂದ್ರು. ನೀ ಕರಕೊಂಡೇ ಬರಬೇಕು ಅಂದಿದ್ದಿ. ಅದಕ್ಕ ಕುಂತೆ." ಹುಡುಗಿ ಮಾಸ್ತರರ ತೋಳು ಅಲ್ಲಾಡಿಸಿದಳು. ಅವಳ ದನಿಯಲ್ಲಿ ಒಂದಿಷ್ಟೂ ಹೆದರಿಕೆಯಿರಲಿಲ್ಲ. "ಅಜ್ಜಾ, ನಮಗ ಇನ್ನ ಎಷ್ಟು ಹೊತ್ತೈತಿ? ನೀವು ಹೇಳ್ರಿ, ಅಲ್ಲೀತನಕ ನಾ ಕುಂಡ್ರತೀನಿ."

ಅನ್ನದಾನಯ್ಯ ತಿರುಗಿ ನೋಡಿದರು. ಮಂಚದ ಆ ತುದಿಯನ್ನು ನೋಡಿದರು, ಮಡಚಿದ ಕಾಲುಗಳನ್ನು, ಒಂದು ಕೈಯಲ್ಲಿ ಎತ್ತಿ ಹಿಡಿದ ಪುಸ್ತಕವನ್ನು, ಉತ್ತರಕ್ಕಾಗಿ ತಮ್ಮನ್ನೇ ನಂಬಿ ನೋಡುತ್ತಿದ್ದ ಮುಖವನ್ನು ನೋಡಿದರು. ಬಾಯಿ ತೆರೆದರು. ಅವರ ಗಂಟಲಿನಿಂದ ಬಂದ ಸದ್ದು ದಮ್ಮಿನದಲ್ಲ ಎಂದು ಭವಾನಿಗೆ ಗೊತ್ತಾಯಿತು.

"ಗೊತ್ತಿಲ್ಲವ್ವಾ" ಎಂದರು ಕೊನೆಗೆ. ಮೂವತ್ತನಾಲ್ಕು ವರ್ಷ ಮಕ್ಕಳ ಮುಂದೆ ಅವರು ಆ ಮಾತು ಆಡಿದ್ದಿರಲಿಕ್ಕಿಲ್ಲ. "ನನಗ ಗೊತ್ತಿಲ್ಲ. ಏಳು. ಏಳು, ಏಳು, ಏಳು!"

ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, ಎಪ್ಪತ್ತೆರಡರ ಮುದುಕ ಮೊಣಕಾಲೆತ್ತರಕ್ಕೆ ನೀರು ಚಿಮ್ಮಿಸುತ್ತಾ ಬಾಗಿಲಿಗೆ ನಡೆದ ವೇಗಕ್ಕೆ ಭವಾನಿಯೇ ಹಿಂದೆ ಬಿದ್ದಳು. ಪುಸ್ತಕದ ಗಂಟು, ಕೋಲು, ಕನ್ನಡಕ ಎಲ್ಲ ಅಲ್ಲೇ ಉಳಿದವು. ಮೇಲಿನಿಂದ ಓಡಿಬಂದ ಹಾಲಯ್ಯ ಅವರ ಕಂಕುಳಿಗೆ ಕೈಯಿಟ್ಟ. ಈ ಸಲ ಅವರು ಕೊಸರಾಡಲಿಲ್ಲ.

ಏಳನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಅಲ್ಲೇ ಕೂರಿಸಿದರು. ಭವಾನಿ ಸೆರಗಿನ ಗಂಟಿನಿಂದ ಗುಳಿಗೆ ತೆಗೆದು ನಾಲಿಗೆಯ ಮೇಲಿಟ್ಟು, ಬೆನ್ನು ನೀವಿದಳು. ಅಕ್ಷರಾ ನೀರು ತರಲು ಮೇಲೆ ಓಡಿದಳು, ಹಾಲಯ್ಯ ಹಾಸಿಗೆ ಹಾಸಲು ಹೋದ. ತೆರೆದ ಬಾಗಿಲಿನಿಂದ ಒಳಗಿನ ಗೋಡೆ ಅಲ್ಲಿಗೆ ನೇರವಾಗಿ ಕಾಣುತ್ತಿತ್ತು. ಎರಡನೆಯ ಗೀಟು ನೀರಿನಲ್ಲಿ ಅರ್ಧ ಮುಳುಗಿ ನಡುಗುತ್ತಿತ್ತು.

ಮಾಸ್ತರರು ಗೋಡೆಗೆ ಬೆನ್ನು ತಿರುಗಿಸಿ ಕುಳಿತರು. ಉಸಿರು ಹತೋಟಿಗೆ ಬಂದ ಮೇಲೆ ಕೈಯಲ್ಲಿನ ಗಡಿಯಾರವನ್ನು ಭವಾನಿಯ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಅದರ ಮೇಲೆ ತಾವೇ ಮಡಚಿದರು.

"ತಂಗಿ, ಒಂದು ಕೆಲಸ ಮಾಡ್ತೀಯೇನು? ಹೊಸ್ತಿಲ ದಾಟಿದ್ದು ಎಂಟೂ ಹತ್ತಕ್ಕ. ಕೆಂಪು ಗೀಟಿಗೆ ಎಷ್ಟಕ್ಕ ಬರತೈತಿ ನೋಡು. ಕಳದು, ಎಷ್ಟಾತು ಅಂತ ನಿನ್ನ ಮನಸಿನಾಗ ಇಟ್ಕೋ."

"ನೋಡ್ತೀನ್ರಿ ಅಜ್ಜಾರ. ನೋಡಿ ಹೇಳ್ತೀನಿ."

"ಇಲ್ಲ. ಹೇಳಬ್ಯಾಡ." ಅವರ ಕೈ ಇನ್ನೂ ಅವಳ ಕೈಯ ಮೇಲಿತ್ತು. "ನಾ ಕೇಳ್ತೀನಿ. ಇವತ್ತ ಕೇಳ್ತೀನಿ, ನಾಳೆ ಕೇಳ್ತೀನಿ, ಅಳ್ತೀನಿ, ನಿನ್ನ ಬೈತೀನಿ. ಸಾಯೂ ಹೊತ್ತಿನಾಗ ಕೇಳಿದ್ರೂ ಹೇಳಬ್ಯಾಡ. ಆದ್ರ ನೋಡಲಾರದ ಇರಬ್ಯಾಡ ತಂಗಿ. ಅಕಿ ಒಬ್ಬಾಕೀನ ಕುಂತಿದ್ಲು. ಎಷ್ಟು ಹೊತ್ತು ಕುಂತಿದ್ಲು ಅಂತ ಭೂಮಿ ಮ್ಯಾಲ ಒಬ್ಬರಿಗರ ಗೊತ್ತಿರಬೇಕು."